ಏನೂ ಇಲ್ಲದ ಗೆರೆಗೆ ಬಿಸಿ ಎಲ್ಲಿಂದ ಬಂತು?

ಪ್ರಶ್ನೆ: ನಾನು ಭೌತವಿಜ್ಞಾನದ ಉಪನ್ಯಾಸಕಿ. ಕಪ್ಪುಕುಳಿಯ ಪಾಠ ಬಂದಾಗಲೆಲ್ಲ ಒಂದೇ ಕಡೆ ಎಡವುತ್ತೇನೆ. ಒಳಹೊಕ್ಕ ಬೆಳಕೂ ಹೊರಬರಲಾಗದ ಅಂಚು, ಅಂದರೆ ಘಟನಾ ದಿಗಂತ, ಗಣಿತದ ಗೆರೆ, ದಾಟುವವನಿಗೆ ದಾಟಿದ್ದೇ ತಿಳಿಯುವುದಿಲ್ಲ ಎಂದು ಹೇಳಿಕೊಡುತ್ತೇನೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಗೆರೆಗೆ ತಾಪಮಾನವಿದೆ, ಎಂಟ್ರೊಪಿ ಇದೆ, ಅಲ್ಲಿಂದ ವಿಕಿರಣ ಹೊರಡುತ್ತದೆ ಎಂದೂ ಹೇಳುತ್ತೇನೆ. ಮೊನ್ನೆ ಒಬ್ಬ ವಿದ್ಯಾರ್ಥಿ, "ಏನೂ ಇಲ್ಲದ ಕಡೆ ಬಿಸಿಯಾಗಿರುವುದು ಯಾವುದು?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಕ್ವಾಂಟಂ ಸಿದ್ಧಾಂತದ ಪ್ರಕಾರ ದಿಗಂತದಲ್ಲಿ ಇರುವುದಾದರೂ ಏನು? ತರಗತಿಯಲ್ಲಿ ಮಾಡಿ ತೋರಿಸಬಹುದಾದ ಲೆಕ್ಕವೇನಾದರೂ ಇದ್ದರೆ ಅದನ್ನೂ ತಿಳಿಸಿ.

ಉತ್ತರ: ನಿಮ್ಮ ವಿದ್ಯಾರ್ಥಿಯ ಪ್ರಶ್ನೆಯನ್ನು ಇಟ್ಟುಕೊಂಡು ಈ ಕ್ಷೇತ್ರದವರೇ ಐವತ್ತು ವರ್ಷಗಳಿಂದ ಜಗಳವಾಡುತ್ತಿದ್ದಾರೆ. ಉತ್ತರ ಹೊಳೆಯಲಿಲ್ಲವೆಂದು ಸಂಕೋಚಪಡಬೇಡಿ. ನೀವು ಹೇಳಿಕೊಟ್ಟ ಎರಡೂ ಮಾತು ಸರಿಯಾಗಿಯೇ ಇವೆ. ಎರಡನ್ನೂ ಒಬ್ಬನೇ ವೀಕ್ಷಕನ ಬಾಯಲ್ಲಿ ಇಟ್ಟಾಗ ತೊಡಕಾಗುತ್ತದೆ. ತಾಪಮಾನದ ಮಟ್ಟಿಗೆ ಆ ತೊಡಕು ಬಿಡಿಸಿಯಾಗಿದೆ. ಎಂಟ್ರೊಪಿಯ, ಅಂದರೆ ಒಳಗಿನ ಜೋಡಣೆ ಎಷ್ಟು ಬಗೆಯಲ್ಲಿರಬಹುದು ಎಂಬ ಎಣಿಕೆಯ, ವಿಷಯದಲ್ಲಿ ಮಾತ್ರ ಎಷ್ಟು ಎಂಬುದು ಗೊತ್ತು, ಯಾವುದರ ಎಣಿಕೆ ಎಂಬುದು ಗೊತ್ತಿಲ್ಲ. ಇವೆರಡನ್ನು ಕಲಸಿಬಿಟ್ಟರೆ ಎರಡೂ ಕೆಡುತ್ತವೆ, ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ.

ಮೊದಲು ಕ್ವಾಂಟಂ ಮಾತನ್ನು ಬದಿಗಿಟ್ಟು ದಿಗಂತವನ್ನಷ್ಟೇ ನೋಡೋಣ. ಕಾರ್ಲ್ ಶ್ವಾರ್ಜ್‌ಶೀಲ್ಡ್ 1916ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ ಒಂದು ವಿಶೇಷ ತ್ರಿಜ್ಯ ಇಣುಕುತ್ತದೆ. ದ್ರವ್ಯರಾಶಿಯನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಿ, ಇಮ್ಮಡಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಸೂರ್ಯನಷ್ಟು ದ್ರವ್ಯರಾಶಿಗೆ ಅದು 3 ಕಿಲೋಮೀಟರಿಗೆ ತುಸು ಕಡಿಮೆ. ಭೂಮಿಯಷ್ಟಕ್ಕೆ 9 ಮಿಲಿಮೀಟರ್. ಆ ತ್ರಿಜ್ಯದಲ್ಲಿ ಸಮೀಕರಣದ ಒಂದು ಪದ ಅನಂತಕ್ಕೆ ಹಾರುವುದನ್ನು ಕಂಡು ಅಲ್ಲೇನೋ ಅನಾಹುತವಿದೆ ಎಂದು ದಶಕಗಟ್ಟಲೆ ಭಾವಿಸಿದ್ದರು. ಅನಾಹುತವಿದ್ದದ್ದು ಆರಿಸಿಕೊಂಡ ನಿರ್ದೇಶಾಂಕಗಳಲ್ಲಿ. ಡೇವಿಡ್ ಫಿಂಕೆಲ್‌ಸ್ಟೈನ್ 1958ರಲ್ಲಿ ಅದನ್ನು ಒಳಹೋಗಲು ಮಾತ್ರ ಬಿಡುವ ಏಕಮುಖ ಪೊರೆಯೆಂದು ವಿವರಿಸಿದ ಮೇಲೆ ಚಿತ್ರ ತಿಳಿಯಾಯಿತು.

ದಾಟುವವನಿಗೆ ಏನೂ ಅನ್ನಿಸುವುದಿಲ್ಲ ಎಂಬ ಮಾತಿಗೆ ಅಂಕಿಯ ಬೆಂಬಲ ಬೇಕಾದರೆ ಇಲ್ಲಿದೆ. ಎಂ87 ಗೆಲಾಕ್ಸಿಯ ನಡುವಿನ ಕಪ್ಪುಕುಳಿ ಸುಮಾರು 650 ಕೋಟಿ ಸೂರ್ಯರಷ್ಟು ಭಾರದ್ದು, 2019ರಲ್ಲಿ ಚಿತ್ರ ಹೊರಬಂದದ್ದು ಅದರದ್ದೇ. ಅದರ ದಿಗಂತದಲ್ಲಿ ಎರಡು ಮೀಟರ್ ಎತ್ತರದ ಮನುಷ್ಯನ ತಲೆಯನ್ನೂ ಪಾದವನ್ನೂ ಎಳೆದು ಬೇರ್ಪಡಿಸುವ ವೇಗೋತ್ಕರ್ಷ ಸುಮಾರು 5 × 10⁻¹⁰ ಮೀ/ಸೆ². ಕೂದಲೂ ಕೊಂಕುವುದಿಲ್ಲ. ಹತ್ತು ಸೂರ್ಯರಷ್ಟಿರುವ ಪುಟ್ಟ ಕಪ್ಪುಕುಳಿಯಲ್ಲಾದರೆ ಅದೇ ಅಂಕಿ 20 ಕೋಟಿ ಮೀ/ಸೆ² ದಾಟುವುದರಿಂದ ದಿಗಂತ ಮುಟ್ಟುವ ಮೊದಲೇ ಮನುಷ್ಯ ದಾರವಾಗಿರುತ್ತಾನೆ. ಎರಡು ಕಡೆಯೂ ಅದು ದಿಗಂತದ ಗುಣವಲ್ಲ, ದೇಶಕಾಲದ ವಕ್ರತೆಯ ಗುಣ.

ಇದಕ್ಕಿಂತ ವಿಚಿತ್ರವಾದದ್ದು ದಿಗಂತದ ವ್ಯಾಖ್ಯೆ. ಯಾವ ಜಾಗದಿಂದ ಹೊರಟ ಬೆಳಕು ಎಂದೆಂದಿಗೂ ದೂರಕ್ಕೆ ತಲುಪಲಾರದೋ ಆ ಜಾಗದ ಅಂಚು ದಿಗಂತ. "ಎಂದೆಂದಿಗೂ" ಎಂಬ ಪದವನ್ನು ಗಮನಿಸಿ. ನಾಳೆ ಒಳಗೆ ಎಷ್ಟು ವಸ್ತು ಬೀಳಲಿದೆ ಎಂಬುದನ್ನು ಅವಲಂಬಿಸಿ ಇಂದಿನ ದಿಗಂತ ಎಲ್ಲಿದೆ ಎಂಬುದು ನಿರ್ಧಾರವಾಗುತ್ತದೆ. ಹೀಗಿರುವಾಗ ಅಲ್ಲೇ ನಿಂತು, ಅಲ್ಲೇ ಅಳೆದು, ಇದು ದಿಗಂತ ಎಂದು ಹೇಳುವ ಉಪಕರಣವನ್ನು ಯಾರೂ ಮಾಡಲಾರರು. ಆದ್ದರಿಂದ ದಿಗಂತಕ್ಕೆ ಬಿಸಿಯಿದೆ ಎಂದರೆ ಕಾದ ಕಬ್ಬಿಣದ ತಗಡಿಗೆ ಬಿಸಿಯಿದೆ ಎಂಬ ಅರ್ಥದಲ್ಲಿ ಅದು ಇರಲು ಸಾಧ್ಯವೇ ಇಲ್ಲ.

ಹಾಗಾದರೆ ಯಾವ ಅರ್ಥದಲ್ಲಿ? ಅದಕ್ಕೆ ನಿರ್ವಾತದ ಕಡೆ ತಿರುಗಬೇಕು. ಕ್ವಾಂಟಂ ಕ್ಷೇತ್ರದ ನಿರ್ವಾತವೆಂದರೆ ಅತಿ ಕಡಿಮೆ ಶಕ್ತಿಯ ಸ್ಥಿತಿ. ಆ ಸ್ಥಿತಿಯಲ್ಲೂ ಕ್ಷೇತ್ರ ಅಲುಗುತ್ತಿರುತ್ತದೆ, ಮತ್ತು ಇಲ್ಲಿನ ಅಲುಗಾಟಕ್ಕೂ ಪಕ್ಕದ ಜಾಗದ ಅಲುಗಾಟಕ್ಕೂ ಕರಾರುವಾಕ್ಕಾದ ಹೊಂದಿಕೆ ಇರುತ್ತದೆ. ಎಂಟ್ಯಾಂಗಲ್‌ಮೆಂಟ್ ಎನ್ನುವುದು ಇದನ್ನೇ. ಇಲ್ಲಿ ತಳುಕು ಎಂದು ಕರೆಯುತ್ತೇನೆ. ಎಷ್ಟು ಸಲ ಚಿಮ್ಮಿದರೂ ಒಂದೇ ಮುಖ ತೋರಿಸುವ ಎರಡು ನಾಣ್ಯಗಳನ್ನು ಊಹಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ನೋಡುವವನಿಗೆ ಅಲ್ಲಿ ಅಚ್ಚುಕಟ್ಟು ಕಾಣುತ್ತದೆ. ಒಂದನ್ನು ಮುಚ್ಚಿಟ್ಟರೆ ಉಳಿದ ನಾಣ್ಯದ ಫಲಿತಾಂಶಗಳಲ್ಲಿ ತಲೆಬುಡವಿಲ್ಲ, ಶುದ್ಧ ಗೊಂದಲ. ನಾಣ್ಯಕ್ಕೆ ಏನೂ ಆಗಿಲ್ಲ, ಜೋಡಿಯ ಇನ್ನೊಂದು ಕಣ್ಮರೆಯಾಗಿದೆ ಅಷ್ಟೆ. ನಾಣ್ಯದ ಈ ಹೋಲಿಕೆ ತಳುಕಿನ ಪೂರ್ತಿ ಕಥೆ ಹೇಳುವುದಿಲ್ಲ, ನಮ್ಮ ಕೆಲಸಕ್ಕೆ ಇಷ್ಟು ಸಾಕು.

ನಿರ್ವಾತದ ಮಧ್ಯೆ ಒಂದು ಗೆರೆ ಎಳೆದು ಆಚೆಯ ಅರ್ಧವನ್ನು ಮರೆಮಾಡಿದರೆ ಈಚೆಯ ಅರ್ಧಕ್ಕೂ ಇದೇ ಗತಿ. ಮತ್ತು ಆ ಗೊಂದಲ ಯದ್ವಾತದ್ವಾ ಇರುವುದಿಲ್ಲ. ಒಂದು ನಿರ್ದಿಷ್ಟ ತಾಪಮಾನದ ಉಷ್ಣ ವಿಕಿರಣದ ರೂಪದಲ್ಲೇ ಇರುತ್ತದೆ. ಇದನ್ನು ವಿಲಿಯಂ ಉನ್ರು 1976ರಲ್ಲಿ ತೋರಿಸಿದರು. ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತ ಹೋಗುವ ನೌಕೆಯಲ್ಲಿ ಕುಳಿತವನನ್ನು ಹಿಂದಿನಿಂದ ಬರುವ ಒಂದಷ್ಟು ಬೆಳಕು ಎಂದೂ ಮುಟ್ಟುವುದಿಲ್ಲ. ಅವನ ಬೆನ್ನ ಹಿಂದೆ ಒಂದು ದಿಗಂತ ತಾನಾಗಿ ಹುಟ್ಟುತ್ತದೆ. ಅವನ ಥರ್ಮಾಮೀಟರ್ ನಿರ್ವಾತದಲ್ಲೂ ಬಿಸಿ ತೋರಿಸುತ್ತದೆ. ಪಕ್ಕದಲ್ಲೇ ಎಂಜಿನ್ ಆರಿಸಿ ತೇಲುತ್ತಿರುವವನ ಥರ್ಮಾಮೀಟರ್ ಸೊನ್ನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ಬಿಸಿ ಅದೆಷ್ಟು ಅಲ್ಪವೆಂದರೆ, 1 ಕೆಲ್ವಿನ್ ಕಾಣಲು 2.5 × 10²⁰ ಮೀ/ಸೆ² ವೇಗೋತ್ಕರ್ಷ ಬೇಕು. ನಮ್ಮ ಕಾಲ ಕೆಳಗಿನ ಗುರುತ್ವ 9.8.

ಈಗ ತರಗತಿಗೆ ಕೊಂಡೊಯ್ಯಬಹುದಾದ ಮೊದಲ ಲೆಕ್ಕ. ಸೂರ್ಯನಷ್ಟು ಭಾರದ ಕಪ್ಪುಕುಳಿಯ ಸಮೀಪಕ್ಕೆ ಬಹು ದೂರದಿಂದ ಹಗ್ಗದಲ್ಲಿ ಕಲ್ಲೊಂದನ್ನು ಇಳಿಬಿಟ್ಟು ದಿಗಂತದ ಅಂಚಿಗೆ ತಂದು ನಿಲ್ಲಿಸಿದ್ದೀರಿ ಎಂದುಕೊಳ್ಳಿ. ಹಗ್ಗದ ದೂರದ ತುದಿ ಹಿಡಿದ ಕೈಗೆ ಬೀಳುವ ಸೆಳೆತವನ್ನು ಮೇಲ್ಮೈ ಗುರುತ್ವ ಎನ್ನುತ್ತಾರೆ. ಬೆಳಕಿನ ವೇಗದ ವರ್ಗವನ್ನು ದಿಗಂತದ ವ್ಯಾಸದಿಂದ ಭಾಗಿಸಿದರೆ ಅದು ಸಿಕ್ಕಿತು: 9 × 10¹⁶ ಅನ್ನು 5,900 ಮೀಟರಿನಿಂದ ಭಾಗಿಸಿ, ಸುಮಾರು 1.5 × 10¹³ ಮೀ/ಸೆ². ಇದನ್ನು ಉನ್ರು ಹೇಳಿದ ದರಕ್ಕೆ ಹಾಕಿ. 1.5 × 10¹³ ಭಾಗ 2.5 × 10²⁰. ಬರುವ ಉತ್ತರ 6 × 10⁻⁸ ಕೆಲ್ವಿನ್. ಸ್ಟೀಫನ್ ಹಾಕಿಂಗ್ 1974ರಲ್ಲಿ ಬೇರೆಯದೇ ದಾರಿ ಹಿಡಿದು, ಕುಸಿಯುತ್ತಿರುವ ನಕ್ಷತ್ರದ ಮೂಲಕ ಹಾದುಬಂದ ಅಲೆಗಳ ಲೆಕ್ಕ ಮಾಡಿ ಪಡೆದ ತಾಪಮಾನವೂ ಇದೇ. ನಾನು ವಿದ್ಯಾರ್ಥಿಯಾಗಿದ್ದಾಗ ಈ ಎರಡು ಅಂಕಿಗಳು ಒಂದೇ ಕಾಗದದ ಮೇಲೆ ತಾಳೆಯಾದದ್ದನ್ನು ಕಂಡ ದಿನ, ಇದರಲ್ಲಿ ಹುರುಳಿದೆ ಎಂದು ಮೊದಲ ಸಲ ಅನ್ನಿಸಿತು. ಅಲ್ಲಿಯವರೆಗೆ ಸೂತ್ರವನ್ನು ಬಾಯಿಪಾಠ ಮಾಡಿದ್ದೆನಷ್ಟೆ.

ಒಂದು ಸೂಕ್ಷ್ಮವಿದೆ, ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಕಲ್ಲಿನ ಜಾಗದಲ್ಲೇ ನಿಂತು ಅಳೆದರೆ ವೇಗೋತ್ಕರ್ಷ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ದಿಗಂತಕ್ಕೆ ಹತ್ತಿರವಾದಂತೆ ಅದಕ್ಕೆ ಮಿತಿಯೇ ಇಲ್ಲ. ಅಲ್ಲಿ ತಡೆದು ನಿಂತವನಿಗೆ ತಾಪಮಾನವೂ ಅಷ್ಟೇ ಸುಡುತ್ತದೆ. ಆ ವಿಕಿರಣ ಗುರುತ್ವದ ಬಾವಿಯಿಂದ ಹತ್ತಿ ಹೊರಬರುವಾಗ ಶಕ್ತಿ ಕಳೆದುಕೊಳ್ಳುತ್ತ ದೂರಕ್ಕೆ ತಲುಪುವಷ್ಟರಲ್ಲಿ 6 × 10⁻⁸ ಕೆಲ್ವಿನ್ ಆಗಿ ಉಳಿದಿರುತ್ತದೆ. ತಡೆದು ನಿಲ್ಲದೆ ಬೀಳುತ್ತಿರುವವನಿಗೆ ಈ ಸುಡು ಬಿಸಿ ಕಾಣುವುದಿಲ್ಲ. ಅವನು ಎಂಜಿನ್ ಆರಿಸಿ ತೇಲುತ್ತಿದ್ದವನಂತೆ.

ಹಾಗಾಗಿ ನಿಮ್ಮ ವಿದ್ಯಾರ್ಥಿಗೆ ಮೊದಲ ಉತ್ತರ: ಬಿಸಿಯಾಗಿರುವುದು ಹೊರಗಿರುವವನ ಪಾಲಿಗೆ ಸಿಕ್ಕ ಅರ್ಧ ನಿರ್ವಾತ. ದಿಗಂತದಲ್ಲಿ ಕಾದು ಕುಳಿತ ವಸ್ತು ಯಾವುದೂ ಇಲ್ಲ. ಒಳಗಿನ ಜೋಡಿ ಕೈಗೆ ಸಿಗದಿರುವುದೇ ಹೊರಗಿನವನಿಗೆ ತಾಪಮಾನವಾಗಿ ಕಾಣುತ್ತದೆ.

ಇಲ್ಲಿ ಒಂದು ಚಿತ್ರವನ್ನು ಕಪ್ಪುಹಲಗೆಯಿಂದ ಅಳಿಸಿ ಎಂದು ಕೇಳಿಕೊಳ್ಳುತ್ತೇನೆ. ದಿಗಂತದ ಪಕ್ಕದಲ್ಲಿ ಕಣ ಮತ್ತು ಪ್ರತಿಕಣಗಳ ಜೋಡಿ ಹುಟ್ಟುತ್ತದೆ, ಒಂದು ಒಳಗೆ ಬೀಳುತ್ತದೆ, ಇನ್ನೊಂದು ಹಾರಿಹೋಗುತ್ತದೆ ಎಂಬ ಚಿತ್ರ. ನಾನೂ ವರ್ಷಗಟ್ಟಲೆ ಅದನ್ನು ಬರೆದವನೇ. ಆದರೆ ಲೆಕ್ಕಕ್ಕೂ ಅದಕ್ಕೂ ತಾಳಮೇಳವಿಲ್ಲ. 6 × 10⁻⁸ ಕೆಲ್ವಿನ್ ತಾಪಮಾನದ ವಿಕಿರಣ ಯಾವ ತರಂಗದೂರದಲ್ಲಿ ಹೆಚ್ಚು ತೀವ್ರವಾಗಿರುತ್ತದೆ ಎಂದು ವೀನ್ ನಿಯಮದಿಂದ ನೋಡಿ: ಸುಮಾರು 47 ಕಿಲೋಮೀಟರ್. ಕಪ್ಪುಕುಳಿಯ ತ್ರಿಜ್ಯ 3 ಕಿಲೋಮೀಟರ್. ತನ್ನನ್ನು ಹೊರಸೂಸಿದ ಕಾಯಕ್ಕಿಂತ ಎಷ್ಟೋ ದೊಡ್ಡದಾದ ಅಲೆಯನ್ನು ದಿಗಂತದ ಚರ್ಮದ ಮೇಲಿನ ಒಂದು ಚುಕ್ಕೆಯಿಂದ ಹಾರಿದ ಗೋಲಿಯಂತೆ ಬರೆಯುವುದು ಹೇಗೆ? ಆ ವಿಕಿರಣ ಎಲ್ಲಿ ಹುಟ್ಟಿತು ಎಂದು ಬೆರಳಿಟ್ಟು ತೋರಿಸಲಾಗದು. ತೋರಿಸಲೇಬೇಕೆಂದರೆ ದಿಗಂತದ ಸುತ್ತ ಕೆಲವು ತ್ರಿಜ್ಯಗಳಷ್ಟು ಹಬ್ಬಿದ ವಲಯವನ್ನು ತೋರಿಸಬೇಕು. ತಳುಕಿನ ಒಂದು ತುದಿ ಒಳಗೆ, ಒಂದು ತುದಿ ಹೊರಗೆ ಎಂಬ ಅಂಶ ಮಾತ್ರ ಆ ಚಿತ್ರದಲ್ಲಿ ನಿಜ. ಅಷ್ಟನ್ನು ಉಳಿಸಿಕೊಳ್ಳಿ.

ಈ ವಿಕಿರಣವನ್ನು ಆಕಾಶದಲ್ಲಿ ಯಾರೂ ಕಂಡಿಲ್ಲ, ಕಾಣುವ ಆಸೆಯೂ ಸದ್ಯಕ್ಕಿಲ್ಲ. ಸೂರ್ಯಭಾರದ ಕಪ್ಪುಕುಳಿ ಹೊರಸೂಸುವ ಒಟ್ಟು ಶಕ್ತಿ ಸುಮಾರು 10⁻²⁸ ವಾಟ್. ವಿಶ್ವವನ್ನೆಲ್ಲ ತುಂಬಿರುವ ಹಿನ್ನೆಲೆ ವಿಕಿರಣದ ತಾಪಮಾನ 2.7 ಕೆಲ್ವಿನ್ ಆಗಿರುವುದರಿಂದ ಇಂದಿನ ನಕ್ಷತ್ರದಷ್ಟು ಭಾರದ ಕಪ್ಪುಕುಳಿಗಳೆಲ್ಲ ಕೊಡುವುದಕ್ಕಿಂತ ಹೆಚ್ಚು ನುಂಗುತ್ತಿವೆ. ವಿಕಿರಣ ಸೂಸುತ್ತ ಭಾರ ಕಳೆದುಕೊಂಡು ಅವು ಆವಿಯಾಗುವ ಮಾತಿರಲಿ, ಬೆಳೆಯುತ್ತಿವೆ. 4.5 × 10²² ಕಿಲೋಗ್ರಾಂಗಿಂತ, ಅಂದರೆ ಚಂದ್ರನ ಸುಮಾರು ಐದರಲ್ಲಿ ಮೂರು ಪಾಲಿಗಿಂತ ಹಗುರವಾಗಿದ್ದರೆ ಮಾತ್ರ ಕರಗುವ ಕಡೆಗೆ ತೂಗೀತು. ಅಂಥದ್ದು ಇನ್ನೂ ಸಿಕ್ಕಿಲ್ಲ.

ಪ್ರಯೋಗಾಲಯದಲ್ಲಿ ಇದರ ದಾಯಾದಿಯೊಂದು ಸಿಕ್ಕಿದೆ. ಶಬ್ದಕ್ಕಿಂತ ವೇಗವಾಗಿ ಹರಿಯುವ ದ್ರವದಿಂದ ಶಬ್ದ ಹಿಂದಕ್ಕೆ ಬರಲಾರದು, ಆದ್ದರಿಂದ ಅಲ್ಲೂ ಒಂದು ದಿಗಂತವಿದೆ ಎಂದು ಉನ್ರು 1981ರಲ್ಲಿ ಸೂಚಿಸಿದ್ದರು. ಜೆಫ್ ಸ್ಟೈನ್‌ಹಾವರ್ ಅವರ ತಂಡ ಅತಿ ತಣ್ಣಗಿನ ರುಬಿಡಿಯಂ ಪರಮಾಣುಗಳ ಮೋಡದಲ್ಲಿ ಅಂಥ ಹರಿವನ್ನು ಉಂಟುಮಾಡಿ 2016ರಲ್ಲಿ ದಿಗಂತದ ಎರಡು ಕಡೆಯ ಶಬ್ದದ ಅಲೆಗಳ ನಡುವೆ ತಳುಕನ್ನು ಕಂಡಿತು. 2019ರಲ್ಲಿ ತಾಪಮಾನವನ್ನೂ ಅಳೆದು ಹಾಕಿಂಗ್ ಲೆಕ್ಕಕ್ಕೆ ಅದು ಹೊಂದುತ್ತದೆ ಎಂದು ತೋರಿಸಿತು. ನನ್ನ ದೃಷ್ಟಿಯಲ್ಲಿ ಈ ಪ್ರಯೋಗದ ಬೆಲೆ ಬೇರೊಂದು ಕಾರಣಕ್ಕೆ. ಹಾಕಿಂಗ್ ಲೆಕ್ಕದಲ್ಲಿ ಒಂದು ಮುಜುಗರವಿದೆ. ಹೊರಬಂದ 47 ಕಿಲೋಮೀಟರ್ ಅಲೆಯನ್ನು ಕಾಲದಲ್ಲಿ ಹಿಂದಕ್ಕೆ ಓಡಿಸಿದರೆ ಅದು ದಿಗಂತಕ್ಕೆ ಅಂಟಿಕೊಳ್ಳುತ್ತ ಪ್ರತಿ 20 ಮೈಕ್ರೊಸೆಕೆಂಡಿಗೆ 2.7 ಪಟ್ಟು ಕುಗ್ಗುತ್ತದೆ. ಎರಡು ಮಿಲಿಸೆಕೆಂಡ್ ಹಿಂದೆ ಹೋದರೆ ಸಾಕು, ತರಂಗದೂರ ಪ್ಲಾಂಕ್ ಉದ್ದಕ್ಕಿಂತ, ಅಂದರೆ 1.6 × 10⁻³⁵ ಮೀಟರಿಗಿಂತ, ಕಿರಿದಾಗಿಬಿಡುತ್ತದೆ. ಅಷ್ಟು ಕಿರಿದಾದ ಕಡೆ ನಮ್ಮ ಯಾವ ಸಿದ್ಧಾಂತಕ್ಕೂ ಪರವಾನಗಿ ಇಲ್ಲ. ಹಾಗಿದ್ದೂ ಫಲಿತಾಂಶವನ್ನು ನಂಬುವುದು ಹೇಗೆ? ದ್ರವದಲ್ಲಿ ಅಣುಗಳ ಗಾತ್ರಕ್ಕಿಂತ ಕಿರಿದಾದ ಶಬ್ದದ ಅಲೆ ಎಂಬುದೇ ಇಲ್ಲ, ಆದರೂ ತಾಪಮಾನ ಸರಿಯಾಗಿ ಬರುತ್ತದೆ. ಅತಿ ಸಣ್ಣ ಗಾತ್ರದಲ್ಲಿ ಏನೇ ನಡೆಯಲಿ, ತಾಪಮಾನ ಕದಲುವುದಿಲ್ಲ ಎಂದಾಯಿತು. ಅದರಾಚೆಗೆ ಈ ಪ್ರಯೋಗದಿಂದ ಏನನ್ನೂ ಹಿಂಡಬಾರದು. ದ್ರವದ ದಿಗಂತಕ್ಕೆ ಐನ್‌ಸ್ಟೈನ್ ಸಮೀಕರಣದ ಹಂಗಿಲ್ಲ, ಆದ್ದರಿಂದ ಎಂಟ್ರೊಪಿಯ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ.

ಎಂಟ್ರೊಪಿಯ ಕಥೆ ಶುರುವಾಗುವುದು ತಾಪಮಾನಕ್ಕಿಂತ ಮೊದಲು. ಕಪ್ಪುಕುಳಿಗಳು ಕೂಡಿಕೊಂಡಾಗ ದಿಗಂತಗಳ ಒಟ್ಟು ವಿಸ್ತೀರ್ಣ ಕಡಿಮೆಯಾಗುವುದಿಲ್ಲ ಎಂದು ಹಾಕಿಂಗ್ 1971ರಲ್ಲಿ ಸಾಧಿಸಿದ್ದರು. ಕಡಿಮೆಯಾಗಲು ಒಪ್ಪದ ಇನ್ನೊಂದು ಪರಿಮಾಣ ನಮಗೆ ಗೊತ್ತೇ ಇದೆ. ಆಗ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಜೇಕಬ್ ಬೆಕೆನ್‌ಸ್ಟೈನ್ ಆ ಹೋಲಿಕೆಯನ್ನು ಗಂಭೀರವಾಗಿ ತೆಗೆದುಕೊಂಡು ವಿಸ್ತೀರ್ಣವೇ ಎಂಟ್ರೊಪಿ ಎಂದರು. ಹಾಕಿಂಗ್ ಮೊದಲು ಇದನ್ನು ಒಪ್ಪಲಿಲ್ಲ. ಎಂಟ್ರೊಪಿ ಇದ್ದರೆ ತಾಪಮಾನವಿರಬೇಕು, ತಾಪಮಾನವಿದ್ದರೆ ಹೊರಸೂಸಬೇಕು, ಕಪ್ಪುಕುಳಿ ಹೊರಸೂಸುವುದುಂಟೇ? ಕೊನೆಗೆ ಅವರ ಲೆಕ್ಕವೇ ಉಂಟು ಎಂದಿತು. ವಿಸ್ತೀರ್ಣದ ಆ ಪ್ರಮೇಯ ಈಗ ಕಾಗದದ ಮೇಲಷ್ಟೇ ಉಳಿದಿಲ್ಲ. 2025ರ ಜನವರಿ 14ರಂದು ಸಿಕ್ಕ, ಕೂಡಿಕೊಂಡ ಎರಡು ಕಪ್ಪುಕುಳಿಗಳು ಎಬ್ಬಿಸಿದ ಗುರುತ್ವ ಅಲೆಯ ಸಂಕೇತ ಅದುವರೆಗಿನ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಕೂಡುವ ಮುನ್ನ ಎರಡು ದಿಗಂತಗಳ ಒಟ್ಟು ವಿಸ್ತೀರ್ಣ ಸುಮಾರು 2,40,000 ಚದರ ಕಿಲೋಮೀಟರ್, ಕೂಡಿದ ಮೇಲೆ ಸುಮಾರು 4,00,000.

ಹಾಕಿಂಗ್ ತಾಪಮಾನದಿಂದ ಎಂಟ್ರೊಪಿಯ ಅಂಕಿ ಖಚಿತವಾಗುತ್ತದೆ: ದಿಗಂತದ ವಿಸ್ತೀರ್ಣವನ್ನು ಪ್ಲಾಂಕ್ ಉದ್ದದ ವರ್ಗದಿಂದ ಭಾಗಿಸಿ, ಬಂದದ್ದರಲ್ಲಿ ಕಾಲು ಭಾಗ ತೆಗೆದುಕೊಳ್ಳಿ. ಸೂರ್ಯಭಾರದ ಕಪ್ಪುಕುಳಿಯ ವಿಸ್ತೀರ್ಣ 109 ಚದರ ಕಿಲೋಮೀಟರ್. ಅದರ ಎಂಟ್ರೊಪಿ ಬೋಲ್ಟ್ಸ್‌ಮನ್ ಸ್ಥಿರಾಂಕದ ಲೆಕ್ಕದಲ್ಲಿ ಸುಮಾರು 10⁷⁷. ಈಗ ಉರಿಯುತ್ತಿರುವ ಸೂರ್ಯನ ಎಂಟ್ರೊಪಿ ಸುಮಾರು 10⁵⁸. ಕೋಟಿ ಕೋಟಿ ಕಣಗಳು ಕುದಿಯುವ ನಕ್ಷತ್ರಕ್ಕಿಂತ, ಏನೂ ಇಲ್ಲವೆಂದು ಹೇಳಿದ ಗೆರೆಯ ಲೆಕ್ಕದಲ್ಲಿ ಹತ್ತೊಂಬತ್ತು ಸೊನ್ನೆ ಹೆಚ್ಚು. ಅದಕ್ಕಿಂತ ಆಶ್ಚರ್ಯವೆಂದರೆ ಇದು ಒಳಗಿನ ಗಾತ್ರಕ್ಕೆ ತಕ್ಕಂತೆ ಬೆಳೆಯದೆ ಮೇಲ್ಮೈಗೆ ತಕ್ಕಂತೆ ಬೆಳೆಯುತ್ತದೆ. ಯಾವುದಾದರೂ ಡಬ್ಬದಲ್ಲಿ ಎಷ್ಟು ಹಿಡಿಸುತ್ತದೆ ಎಂಬುದು ಅದರ ಹೊರಮೈಯನ್ನು ಅವಲಂಬಿಸಿದೆ ಎಂದಂತೆ. ಗೆರಾರ್ಡ್ ಟ್ ಹೂಫ್ಟ್ ಮತ್ತು ಲಿಯೊನಾರ್ಡ್ ಸಸ್ಕಿಂಡ್ 1990ರ ದಶಕದಲ್ಲಿ ಹೊಲೊಗ್ರಾಂ (ಮೂರು ಆಯಾಮದ ಚಿತ್ರವನ್ನು ಚಪ್ಪಟೆ ಹಾಳೆಯಲ್ಲಿ ಅಡಗಿಸಿಟ್ಟದ್ದು) ಎಂಬ ಮಾತು ತಂದದ್ದು ಇಲ್ಲಿಂದಲೇ.

ಎಂಟ್ರೊಪಿ ಎಂದರೆ ಎಣಿಕೆ. ಅನಿಲದಲ್ಲಿ ಅಣುಗಳ ಜೋಡಣೆಯನ್ನು ಎಣಿಸುತ್ತೇವೆ. ಇಲ್ಲಿ ಎಣಿಸುತ್ತಿರುವುದು ಯಾವುದನ್ನು?

ತಳುಕನ್ನೇ ಎಣಿಸಿದರಾಗದೇ ಎಂಬುದು ಸಹಜವಾದ ಊಹೆ. ನಿರ್ವಾತವನ್ನು ಗೆರೆಯೆಳೆದು ಕತ್ತರಿಸಿದಾಗ ಕಡಿದುಹೋಗುವ ತಳುಕು ಗೆರೆಯ ಅಕ್ಕಪಕ್ಕದಲ್ಲೇ ಹೆಚ್ಚು ಇರುವುದರಿಂದ ಅದರ ಎಂಟ್ರೊಪಿಯೂ ವಿಸ್ತೀರ್ಣಕ್ಕೆ ತಕ್ಕಂತೆ ಬರುತ್ತದೆ. 1986ರಲ್ಲಿ ರಫೇಲ್ ಸೋರ್ಕಿನ್ ಮತ್ತು ಸಂಗಡಿಗರೂ 1993ರಲ್ಲಿ ಮಾರ್ಕ್ ಸ್ರೆಡ್ನಿಕಿಯೂ ಇದನ್ನು ತೋರಿಸಿದರು. ವಿಸ್ತೀರ್ಣ ಬಂತು, ಕಾಲು ಭಾಗ ಬರಲಿಲ್ಲ. ಗೆರೆಯ ಹತ್ತಿರ ಎಷ್ಟು ಸಣ್ಣ ಅಲೆಗಳನ್ನು ಬೇಕಾದರೂ ಎಣಿಸಬಹುದಾದ್ದರಿಂದ ಮೊತ್ತ ಅನಂತವಾಗುತ್ತದೆ. ಟ್ ಹೂಫ್ಟ್ 1985ರಲ್ಲೇ ಇದಕ್ಕೆ ಒರಟಾದ ಮದ್ದು ಮಾಡಿದ್ದರು: ದಿಗಂತಕ್ಕೆ ಪ್ಲಾಂಕ್ ಉದ್ದದಷ್ಟು ಹತ್ತಿರದಲ್ಲಿ ಇಟ್ಟಿಗೆ ಗೋಡೆಯೊಂದನ್ನು ನಿಲ್ಲಿಸಿ, ಅಲೆಗಳು ಅದರಾಚೆ ಹೋಗದಂತೆ ತಡೆದರೆ ಅಂಕಿ ಹಿಡಿತಕ್ಕೆ ಬರುತ್ತದೆ. ಗೋಡೆ ಅಲ್ಲೇ ಏಕೆ ಎಂದರೆ ಉತ್ತರ ಸರಿ ಬರಲಿ ಎಂದು. ಈ ಲೆಕ್ಕ ನನಗೆ ಇಂದಿಗೂ ಇಷ್ಟ, ಏಕೆಂದರೆ ಅದು ತನ್ನ ತೇಪೆಯನ್ನು ಮುಚ್ಚಿಡುವುದಿಲ್ಲ.

ತೇಪೆಯಿಲ್ಲದ ಎಣಿಕೆ 1996ರಲ್ಲಿ ಬಂತು. ಆಂಡ್ರ್ಯೂ ಸ್ಟ್ರಾಮಿಂಜರ್ ಮತ್ತು ಕಮ್ರುನ್ ವಫಾ, ಕಣಗಳೆಲ್ಲ ಸೂಕ್ಷ್ಮ ತಂತಿಗಳ ಕಂಪನವೆನ್ನುವ ಸ್ಟ್ರಿಂಗ್ ಸಿದ್ಧಾಂತದ ಒಳಗೆ ಸ್ಥಿತಿಗಳನ್ನು ಒಂದೊಂದಾಗಿ ಎಣಿಸಿದರು, ಕಾಲು ಭಾಗ ತಾನಾಗಿ ಬಿತ್ತು. ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಪ್ಪುಕುಳಿ ಐದು ಆಯಾಮಗಳದ್ದು, ಹಿಡಿಸುವಷ್ಟೂ ವಿದ್ಯುದಾವೇಶ ತುಂಬಿಕೊಂಡದ್ದು, ತಾಪಮಾನ ಸೊನ್ನೆಯಾದದ್ದು. ಇನ್ನೊಂದು ಸಂಗತಿಯನ್ನು ಜನಪ್ರಿಯ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಎಣಿಕೆ ನಡೆದದ್ದು ಗುರುತ್ವ ತೀರ ದುರ್ಬಲವಾಗಿರುವ ಅವಸ್ಥೆಯಲ್ಲಿ. ಆಗ ದಿಗಂತವೇ ಇರುವುದಿಲ್ಲ. ಗುರುತ್ವವನ್ನು ಏರಿಸಿದಾಗಲೂ ಅಂಕಿ ಬದಲಾಗದು ಎಂಬ ಸಮ್ಮಿತಿಯ ಭರವಸೆಯ ಮೇಲೆ ಉತ್ತರವನ್ನು ದಿಗಂತಕ್ಕೆ ವರ್ಗಾಯಿಸುತ್ತಾರೆ. ಎಷ್ಟು ಸ್ಥಿತಿಗಳು ಎಂಬುದು ತಿಳಿಯಿತು. ದಿಗಂತ ಮೂಡಿದ ಮೇಲೆ ಅವು ಯಾವ ರೂಪದಲ್ಲಿವೆ ಎಂಬುದು ತಿಳಿಯಲಿಲ್ಲ. ಆ ಸ್ಥಿತಿಗಳಿಗೆ ದಿಗಂತವೇ ಇಲ್ಲ, ಕಪ್ಪುಕುಳಿಯ ಗಾತ್ರದಷ್ಟೇ ದೊಡ್ಡದಾದ ತಂತಿಗಳ ಗೋಜಲು ಅದು ಎಂಬುದು ಸಮೀರ್ ಮಾಥುರ್ ಅವರ ವಾದ.

ಲೂಪ್ ಕ್ವಾಂಟಂ ಗುರುತ್ವದವರು ಬೇರೆಯೇ ಚಿತ್ರ ಬರೆಯುತ್ತಾರೆ. ಅಲ್ಲಿ ದೇಶವೇ ಎಳೆಗಳಿಂದ ಹೆಣೆದದ್ದು. ಎಳೆಗಳು ದಿಗಂತವನ್ನು ಚುಚ್ಚಿ ಹಾದುಹೋಗುವ ಪ್ರತಿ ಚುಕ್ಕೆ ಒಂದಿಷ್ಟು ವಿಸ್ತೀರ್ಣ ಕೊಡುತ್ತದೆ. ಅಭಯ್ ಅಷ್ಟೇಕರ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಆ ಚುಚ್ಚುಗಳ ಜೋಡಣೆ ಎಣಿಸಿ ವಿಸ್ತೀರ್ಣದ ನಿಯಮ ಪಡೆದರು. ಸಾಮಾನ್ಯ ಕಪ್ಪುಕುಳಿಗೂ ಇದು ಸಲ್ಲುತ್ತದೆ, ದಿಗಂತ ಲೆಕ್ಕದ ಕೇಂದ್ರದಲ್ಲೇ ಇದೆ, ಇದರ ಸೊಗಸು ಅದು. ಕಾಲು ಭಾಗ ಬರಬೇಕಾದರೆ ಇಮ್ಮಿರ್ಜಿ ಹೆಸರಿನ ಒಂದು ಸಂಖ್ಯೆಯನ್ನು ಹೊರಗಿನಿಂದ ಸರಿಹೊಂದಿಸಬೇಕು, ಇದರ ಕುಂದು ಅದು.

ಎರಡು ಪಾಳೆಯಗಳೂ ಕಾಲು ಭಾಗಕ್ಕೆ ಬಂದು ಸೇರುತ್ತವೆ ಎಂಬುದನ್ನು ಕೆಲವರು ಜಯಭೇರಿಯಂತೆ ಬಾರಿಸುತ್ತಾರೆ. ನನಗೆ ಅದು ಅನುಮಾನಕ್ಕೆ ಎಡೆಮಾಡುತ್ತದೆ. ಯಾವುದನ್ನು ಎಣಿಸಿದರೂ ಅದೇ ಉತ್ತರ ಬರುವುದಾದರೆ, ಉತ್ತರದಿಂದ ಎಣಿಸಿದ ವಸ್ತುವನ್ನು ಗುರುತಿಸಲಾಗದು. ಗುರುತಿಸಲು ಅದರ ಮುಂದಿನ ಸಣ್ಣ ತಿದ್ದುಪಡಿಗಳನ್ನು ನೋಡಬೇಕು. ರೊಮೇಶ್ ಕೌಲ್ ಮತ್ತು ಪಾರ್ಥಸಾರಥಿ ಮಜುಂದಾರ್ 2000ರಲ್ಲಿ ಲೂಪ್ ಎಣಿಕೆಯಿಂದ ಅಂಥ ತಿದ್ದುಪಡಿಯನ್ನು ಪಡೆದರು. ವಿಸ್ತೀರ್ಣದ ಲಾಗರಿದಮ್ಮಿನ ಒಂದೂವರೆಯಷ್ಟು ಕಳೆಯಬೇಕು ಎಂದು. ಅಶೋಕ್ ಸೇನ್ ಯಾವ ಎಣಿಕೆಯನ್ನೂ ನೆಚ್ಚದೆ, ನಮಗೆ ಈಗಾಗಲೇ ಗೊತ್ತಿರುವ ಗುರುತ್ವ ಮತ್ತು ಕ್ಷೇತ್ರಗಳಿಂದಲೇ ಈ ಲಾಗರಿದಮ್ ಪದವನ್ನು ಲೆಕ್ಕ ಹಾಕುವ ದಾರಿ ತೆರೆದರು. ತಾಪಮಾನ ಸೊನ್ನೆಯಾದ ಕಪ್ಪುಕುಳಿಗಳಲ್ಲಿ ಅದು ಸ್ಟ್ರಿಂಗ್ ಎಣಿಕೆಗೆ ತಾಳೆಯಾಯಿತು. ಶ್ವಾರ್ಜ್‌ಶೀಲ್ಡ್ ಕಪ್ಪುಕುಳಿಯಲ್ಲಿ ಲೂಪ್ ಎಣಿಕೆಗೆ ತಾಳೆಯಾಗುವಂತೆ ಕಾಣಲಿಲ್ಲ. ಈ ಜಗಳ ಮುಗಿದಿಲ್ಲ, ಆದರೆ ಹೀಗೆ ಅಂಕಿಗೆ ಅಂಕಿ ಎದುರು ನಿಲ್ಲಿಸುವ ಜಗಳದಿಂದಲೇ ಏನಾದರೂ ಇತ್ಯರ್ಥವಾದೀತು.

ಇನ್ನು ಮಾಹಿತಿಯ ಗೊಂದಲ. ಕಪ್ಪುಕುಳಿ ಪೂರ್ತಿ ಆವಿಯಾದರೆ ಒಳಗಿನ ಜೋಡಿ ಇಲ್ಲವಾಗುತ್ತದೆ, ಹೊರಗೆ ಗೊಂದಲ ಮಾತ್ರ ಉಳಿಯುತ್ತದೆ. ಹಾಗಾದರೆ ಒಳಗೆ ಬಿದ್ದದ್ದರ ವಿವರ ಶಾಶ್ವತವಾಗಿ ಅಳಿಯಿತು ಎಂದು ಹಾಕಿಂಗ್ 1976ರಲ್ಲಿ ವಾದಿಸಿದರು. ಕ್ವಾಂಟಂ ಸಿದ್ಧಾಂತ ಅಳಿಸಲು ಬಿಡುವುದಿಲ್ಲ. ಡಾನ್ ಪೇಜ್ 1993ರಲ್ಲಿ ಹೇಳಿದ್ದು: ಅಳಿಯಬಾರದೆಂದಾದರೆ, ಎಂಟ್ರೊಪಿ ಸುಮಾರು ಅರ್ಧಕ್ಕೆ ಇಳಿಯುವ ಹೊತ್ತಿಗೆ ಹೊಸದಾಗಿ ಹೊರಡುವ ವಿಕಿರಣ ಹಿಂದೆ ಹೊರಟ ವಿಕಿರಣದೊಂದಿಗೆ ತಳುಕು ಹಾಕಿಕೊಂಡಿರಲೇಬೇಕು. 2012ರಲ್ಲಿ ಅಹ್ಮದ್ ಅಲ್ಮೈರಿ, ಡೊನಾಲ್ಡ್ ಮರೊಲ್ಫ್, ಜೋಸೆಫ್ ಪೊಲ್ಚಿನ್‌ಸ್ಕಿ ಮತ್ತು ಜೇಮ್ಸ್ ಸಲ್ಲಿ ಇದರ ಬಾಲ ಹಿಡಿದರು. ದಿಗಂತ ನುಣುಪಾಗಿರಬೇಕಾದರೆ ಈಗ ಹೊರಟ ಅಲೆ ಒಳಗಿನ ಜೋಡಿಯೊಂದಿಗೆ ಪೂರ್ತಿಯಾಗಿ ತಳುಕು ಹಾಕಿಕೊಂಡಿರಬೇಕು. ಮಾಹಿತಿ ಉಳಿಯಬೇಕಾದರೆ ಅದೇ ಅಲೆ ಹಳೆಯ ವಿಕಿರಣದೊಂದಿಗೆ ಪೂರ್ತಿಯಾಗಿ ತಳುಕು ಹಾಕಿಕೊಂಡಿರಬೇಕು. ಪೂರ್ತಿ ತಳುಕು ಇಬ್ಬರೊಂದಿಗೆ ಆಗದು. ಒಳಗಿನ ನಂಟು ಹರಿದರೆ ನಿರ್ವಾತ ಹರಿದಂತೆ, ಆಗ ದಿಗಂತದಲ್ಲಿ ಬೆಂಕಿಗೋಡೆಯೇ ಎದ್ದು ದಾಟುವವನು ಸುಟ್ಟುಹೋಗುತ್ತಾನೆ.

ಹಾಕಿಂಗ್ ಅಷ್ಟರಲ್ಲಿ ಪಕ್ಷ ಬದಲಿಸಿಯಾಗಿತ್ತು. 2004ರಲ್ಲಿ ಡಬ್ಲಿನ್ ಸಮ್ಮೇಳನದಲ್ಲಿ, ಮಾಹಿತಿ ಅಳಿಯುತ್ತದೆ ಎಂದು ಕಟ್ಟಿದ್ದ ಪಂದ್ಯ ಸೋತೆನೆಂದು ಒಪ್ಪಿ ಜಾನ್ ಪ್ರೆಸ್ಕಿಲ್ ಅವರಿಗೆ ಬೇಸ್‌ಬಾಲ್ ವಿಶ್ವಕೋಶವೊಂದನ್ನು ಕೊಟ್ಟಿದ್ದರು. ಹಾಕಿಂಗ್ ಪಕ್ಷದಲ್ಲಿ ಪಂದ್ಯ ಕಟ್ಟಿದ್ದ ಕಿಪ್ ಥಾರ್ನ್ ಆಗ ಸೋಲೊಪ್ಪಲಿಲ್ಲ.

2019ರಲ್ಲಿ ಜೆಫ್ ಪೆನಿಂಗ್ಟನ್ ಒಂದು ಕಡೆ, ಅಲ್ಮೈರಿ ಮತ್ತು ಸಂಗಡಿಗರು ಇನ್ನೊಂದು ಕಡೆ, ವಿಕಿರಣದ ಎಂಟ್ರೊಪಿ ಪೇಜ್ ಹೇಳಿದಂತೆಯೇ ಏರಿ ಇಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕದಲ್ಲಿ, ಕಪ್ಪುಕುಳಿಗೆ ವಯಸ್ಸಾದ ಮೇಲೆ ಅದರ ಒಳಗಿನ ಒಂದು ತುಂಡನ್ನು ಹೊರಗಿನ ವಿಕಿರಣದ ಖಾತೆಗೆ ಬರೆಯಬೇಕಾಗುತ್ತದೆ. ಒಳಗಿನ ಜೋಡಿಯೂ ಹಳೆಯ ವಿಕಿರಣವೂ ಬೇರೆ ಬೇರೆಯೇ ಅಲ್ಲ ಎಂದಾದರೆ ಇಬ್ಬರೊಂದಿಗೆ ತಳುಕು ಎಂಬ ಆಕ್ಷೇಪ ಸಡಿಲವಾಗುತ್ತದೆ. ಲೆಕ್ಕವನ್ನು ನಾನು ನಂಬುತ್ತೇನೆ. ಒಳಗಿನದು ಹೊರಗಿನದಾಗುವ ಬಗೆಯನ್ನು ಅದು ವಿವರಿಸುತ್ತದೆ ಎಂಬುದನ್ನು ನಂಬುವುದಿಲ್ಲ. ಎಂಟ್ರೊಪಿಯ ವಕ್ರರೇಖೆ ಸರಿಯಾಗಿ ಬಂತು, ಯಾವ ಫೋಟಾನ್ ಯಾವ ವಿವರ ಹೊತ್ತು ತಂದಿತು ಎಂಬುದು ಬರಲಿಲ್ಲ.

ಬೆಂಕಿಗೋಡೆಯ ಮಾತು ಕೇಳಿ ವಿದ್ಯಾರ್ಥಿಗಳು ಉತ್ಸಾಹಗೊಳ್ಳುತ್ತಾರೆ, ಆದ್ದರಿಂದ ಇದನ್ನೂ ಹೇಳಿಬಿಡಿ. ಆ ವಾದ ಅನ್ವಯಿಸುವುದು ಅರ್ಧ ಎಂಟ್ರೊಪಿ ಕಳೆದುಕೊಂಡ ಮುದಿ ಕಪ್ಪುಕುಳಿಗಳಿಗೆ. ಸೂರ್ಯಭಾರದ್ದು ಪೂರ್ತಿ ಕರಗಲು ಸುಮಾರು 2 × 10⁶⁷ ವರ್ಷ ಬೇಕು, ವಿಶ್ವಕ್ಕೆ ಈಗ ಆಗಿರುವ ವಯಸ್ಸು 1.38 × 10¹⁰ ವರ್ಷ. ನಮ್ಮ ಆಕಾಶದ ಕಪ್ಪುಕುಳಿಗಳೆಲ್ಲ ಆ ಅರ್ಥದಲ್ಲಿ ಹಸುಗೂಸುಗಳು. ಮಾಥುರ್ ಅವರ ಗೋಜಲಾದರೋ ಎಳೆಯ ಕಪ್ಪುಕುಳಿಯಲ್ಲೂ ಇರಬೇಕು. ದಿಗಂತದ ಜಾಗದಲ್ಲಿ ಅಲೆಯನ್ನು ತಿರುಗಿಸಿ ಕಳಿಸುವಂಥದ್ದು ಏನಿದ್ದರೂ ಎರಡು ಕಪ್ಪುಕುಳಿ ಕೂಡಿದ ಮೇಲೆ ಗುರುತ್ವ ಅಲೆಯಲ್ಲಿ ಪ್ರತಿಧ್ವನಿ ಕೇಳಬಹುದು ಎಂಬ ಆಸೆಯಿಂದ ಹುಡುಕಿದ್ದಾರೆ. ತಟ್ಟಿದ ಕಪ್ಪುಕುಳಿ ಗಂಟೆಯಂತೆ ಮಿಡಿದು ಬೇಗನೆ ಸುಮ್ಮನಾಗುತ್ತದೆ ಎಂದು ನಮ್ಮ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ ತೋರಿಸಿಕೊಟ್ಟಿದ್ದರಲ್ಲ, ಇದುವರೆಗೆ ಕೇಳಿರುವುದು ಆ ಮಿಡಿತ ಮಾತ್ರ. ಎಲ್ಲರೂ ಒಪ್ಪುವಂಥ ಪ್ರತಿಧ್ವನಿ ಸಿಕ್ಕಿಲ್ಲ.

ನೀವು ಕೇಳಿದ ಲೆಕ್ಕದ ವಿಷಯ. ಮೇಲೆ ಮಾಡಿದ ಮೇಲ್ಮೈ ಗುರುತ್ವದ ಭಾಗಾಕಾರವನ್ನು ಸೂರ್ಯಭಾರಕ್ಕೆ ನೀವೇ ಹಲಗೆಯ ಮೇಲೆ ಮಾಡಿ ತೋರಿಸಿ. ಆಮೇಲೆ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ದ್ರವ್ಯರಾಶಿ ಕೊಡಿ: ಒಬ್ಬನಿಗೆ ಚಂದ್ರ, ಒಬ್ಬಳಿಗೆ ಹತ್ತು ಸೂರ್ಯರು, ಇನ್ನೊಬ್ಬನಿಗೆ ಎಂ87ರ 650 ಕೋಟಿ ಸೂರ್ಯರು. ತ್ರಿಜ್ಯ, ತಾಪಮಾನ, ವೀನ್ ನಿಯಮದಿಂದ ತರಂಗದೂರ, ಈ ಮೂರನ್ನೂ ತೆಗೆಯಲಿ. ಕೊನೆಗೆ ತರಂಗದೂರವನ್ನು ತ್ರಿಜ್ಯದಿಂದ ಭಾಗಿಸಲು ಹೇಳಿ. ಎಲ್ಲರಿಗೂ ಸರಿಸುಮಾರು 16 ಬರುತ್ತದೆ. ಏಕೆ ಎಲ್ಲರಿಗೂ ಒಂದೇ ಎಂದು ಪ್ರಶ್ನೆ ಕೇಳಿದ ಆ ಹುಡುಗನನ್ನೇ ಕೇಳಿ. ಸೂತ್ರಗಳನ್ನು ಒಂದರ ಕೆಳಗೆ ಒಂದು ಬರೆದರೆ ದ್ರವ್ಯರಾಶಿ ಹೊಡೆದುಹೋಗುವುದು ಅವನಿಗೇ ಕಾಣುತ್ತದೆ.